ಕೊನೆಯ ಗದ್ದೆ, ಕಲಂ 4.3.2

8 ನವೆಂಬರ್ 2004, ಸೋಮವಾರ. ಅರಸೀಕೆರೆ

ಬೆಳಿಗ್ಗೆಯಿಂದ ಮೂರನೇ ಸಲ ಕರೆಂಟು ಹೋಯಿತು. ಯುಪಿಎಸ್ ಕೂಗುತ್ತಿದೆ. ಅಂಗಡಿ ಮಾಲೀಕರು, ಶಿವಪ್ರಕಾಶ್ ಸಾರ್, ಅದಕ್ಕಿಂತ ಜೋರಾಗಿ ಕೂಗುತ್ತಿದ್ದಾರೆ. ಯಾರದೋ ಮದುವೆ ಕಾರ್ಡು ಪ್ರಿಂಟರಿನಲ್ಲಿ ಅರ್ಧಕ್ಕೆ ನಿಂತಿದೆ — ವರ ಬಂದಿದ್ದಾನೆ, ವಧು ಇನ್ನೂ ಬಂದಿಲ್ಲ.

ನನ್ನ ವಿಸಿಟಿಂಗ್ ಕಾರ್ಡಿನಲ್ಲಿ ‘ಲತಾಮಣಿ ಯು., ಎಂಸಿಎ, ಸಿಸ್ಟಮ್ಸ್ ಅನಲಿಸ್ಟ್’ ಎಂದಿದೆ. ಮಾಡುವುದು ಮದುವೆ ಕಾರ್ಡು, ತಿಥಿ ಕಾರ್ಡು, ಹೈಸ್ಕೂಲಿನ ಪ್ರಶ್ನೆಪತ್ರಿಕೆ. ಬೆಂಗಳೂರಿನ ಕಂಪನಿ ಮುಚ್ಚಿ ಎರಡು ವರ್ಷವಾಯಿತು. ಅಲ್ಲಿ ಕಲಿತ ಒಳ್ಳೆಯ ಅಭ್ಯಾಸ ಒಂದೇ. ಪ್ರೋಗ್ರಾಂ ಬರೆಯುವ ಮೊದಲು, ಅದು ಏನು ಮಾಡಬೇಕು ಎಂದು ಕಾಗದದ ಮೇಲೆ ಬರೆಯುವುದು. ಸ್ಪೆಸಿಫಿಕೇಷನ್. ಈ ಅಂಗಡಿಯಲ್ಲಿ ಆ ಪದ ಹೇಳಿದರೆ ಯಾವುದೋ ಕಾಯಿಲೆಯ ಹೆಸರು ಕೇಳಿದಂತೆ ನೋಡುತ್ತಾರೆ.

ಇವತ್ತು ಒಂದು ನಿಜವಾದ ಕೆಲಸ ಬಂತು. ಬಂದದ್ದು ಎಲ್ಲಿಂದ? ನಮ್ಮೂರಿನಿಂದಲೇ. ಹಳೇಬೀಡು ಹೋಬಳಿಯ ಆ ಪುಟ್ಟ ಊರಿನ ದೊಡ್ಡಕೆರೆಗೆ ಈಗ ‘ಕೆರೆ ಬಳಕೆದಾರರ ಸಂಘ’ ಆಗಿದೆಯಂತೆ. ಯಾವುದೋ ಯೋಜನೆಯವರು ಹೂಳೆತ್ತಿಸಿ, ಒಂದು ಕಂಪ್ಯೂಟರ್ ಕೊಟ್ಟು, ಬೇಸಿಗೆ ಬೆಳೆಗೆ ಯಾರ ಗದ್ದೆಗೆ ಯಾವತ್ತು ಎಷ್ಟು ಹೊತ್ತು ನೀರು ಎಂಬ ಪಟ್ಟಿ ಇನ್ನು ಮೇಲೆ ಕಂಪ್ಯೂಟರಿನಿಂದಲೇ ಬರಬೇಕು ಎಂದಿದ್ದಾರೆ.

ಇಷ್ಟು ದಿನ ಆ ಪಟ್ಟಿ ಇದ್ದದ್ದು ಒಬ್ಬ ಮನುಷ್ಯನ ತಲೆಯಲ್ಲಿ. ಆ ಮನುಷ್ಯ ನಮ್ಮಪ್ಪ. ಉಗ್ರಪ್ಪ, ಊರ ನೀರುಗಂಟಿ. ಮೂವತ್ತೊಂದು ವರ್ಷದಿಂದ ಕೆರೆಯ ನೀರು ಬಿಡುವ ತೂಬು ಎತ್ತಿ ಇಳಿಸುವುದು ಅವನೇ.

“ನಿಮ್ಮ ತಂದೆಯಲ್ವಾ, ಒಂದು ಗಂಟೇಲಿ ಕೇಳ್ಕೊಂಡು ಬನ್ನಿ. ಶುಕ್ರವಾರ ಸ್ಕ್ರೀನ್ ತೋರಿಸೋಣ,” ಅಂದರು ಸಾರ್. ಸ್ಕ್ರೀನಿನಲ್ಲಿ ಹಳೇಬೀಡು ದೇವಸ್ಥಾನದ ಚಿತ್ರ ಇರಬೇಕಂತೆ. ಕೆಳಗೆ ನೀರು ಅಲುಗಾಡಬೇಕಂತೆ.

10 ನವೆಂಬರ್

ಸಾರ್‌ಗೆ ವಿಧಾನ ವಿವರಿಸಿದೆ. ಮೊದಲು ಒಂದೇ ವಾಕ್ಯ — ಈ ಪ್ರೋಗ್ರಾಂ ಏನು ಸಾಧಿಸಬೇಕು. ಆಮೇಲೆ ಅದನ್ನು ಮೂರಾಗಿ ಒಡೆಯುವುದು. ಆ ಮೂರನ್ನೂ ಮತ್ತೆ ಒಡೆಯುವುದು. ಒಡೆಯುತ್ತಾ ಒಡೆಯುತ್ತಾ ಕಂಪ್ಯೂಟರಿಗೂ ಅರ್ಥವಾಗುವಷ್ಟು ಸಣ್ಣದಾಗಬೇಕು. ನಿಯಮ ಒಂದೇ. ಕೆಳಗಿನ ಮಾತು ಮೇಲಿನ ಮಾತನ್ನು ಸುಳ್ಳು ಮಾಡಬಾರದು.

ಸಾರ್ ಕಿವಿಗೆ ಬೆಂಕಿಕಡ್ಡಿ ಹಾಕಿಕೊಂಡು ಕೇಳಿದರು. ಕೊನೆಗೆ, “ಆ ಪುರಾಣ ಆಮೇಲೆ ಬರ್ಕೊಳ್ಳಿ ಲತಾ. ಬ್ಯಾಕ್‌ಗ್ರೌಂಡ್ ಹಸಿರಾ, ನೀಲೀನಾ?”

ಕೋಣನ ಮುಂದೆ ಕಿನ್ನರಿ. ಹಬ್ಬ ಕಳೆಯಲಿ, ಊರಿಗೆ ಹೋಗಿ ಸಂಘದವರನ್ನೇ ಕೇಳುತ್ತೇನೆ.

14 ನವೆಂಬರ್, ಭಾನುವಾರ. ಊರು

ಬಾಣಾವರ, ಜಾವಗಲ್, ಹಳೇಬೀಡು — ಎರಡು ಬಸ್ಸು, ಒಂದು ಆಟೋ. ಸಭೆ ಕರಿಯಪ್ಪ ಗೌಡರ ಜಗಲಿಯಲ್ಲಿ. ಅವರೇ ಸಂಘದ ಅಧ್ಯಕ್ಷರು. ತೂಬಿಗೆ ಎಲ್ಲಕ್ಕಿಂತ ಹತ್ತಿರದ ನಾಲ್ಕು ಎಕರೆಯೂ ಅವರದೇ. ಹನ್ನೊಂದು ಜನ ನಿರ್ದೇಶಕರು. ಇಬ್ಬರು ಮಲಗಿದ್ದರು. ಒಬ್ಬರು ಹಲ್ಲು ಕಡ್ಡಿಯಲ್ಲಿ ಮುಳುಗಿದ್ದರು.

ನನಗೆ ಕುರ್ಚಿ ಕೊಟ್ಟರು. ಎಂಸಿಎ ಓದಿದ್ದಕ್ಕೆ ಅಷ್ಟು ಸಿಕ್ಕಿತು. ಟೀ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ, ನನಗೆ ಪ್ಲಾಸ್ಟಿಕ್ ಲೋಟದಲ್ಲಿ. ಕುಡಿದು ಎಸೆಯುವ ಲೋಟ ಬಂದ ಮೇಲೆ ಇವರಿಗೆ ಜಾತಿ ಮಾಡುವುದು ಎಷ್ಟು ಸಲೀಸಾಯಿತು. ಅಪ್ಪ ಜಗಲಿಯ ಕೆಳಗೆ ನಿಂತೇ ಇದ್ದ. ಅವನಿಗೆ ಪ್ಲಾಸ್ಟಿಕ್ಕೂ ಇಲ್ಲ.

“ಸಂಘಕ್ಕೆ ಏನು ಬೇಕು, ಒಂದೇ ವಾಕ್ಯದಲ್ಲಿ ಹೇಳಿ,” ಅಂದೆ.

“ಏನೂ ಬ್ಯಾಡ ಕಣಮ್ಮ. ಮಾಮೂಲಿ ಹೆಂಗೈತೋ ಹಂಗೇ ಕಂಪ್ಯೂಟ್ರಲ್ಲಿ ಬರಂಗೆ ಮಾಡ್ಬುಡು,” ಅಂದರು ಕರಿಯಪ್ಪ ಗೌಡರು.

“ಮಾಮೂಲಿ ಅಂದ್ರೆ ಏನು ಗೌಡ್ರೇ?”

“ಮಾಮೂಲಿ ಅಂದ್ರೆ ಮಾಮೂಲಿ. ನಿಮ್ಮಪ್ಪುನ್ನ ಕೇಳು. ಅವನ ಕೈ ಸುದ್ದ. ಮೂವತ್ತು ವರ್ಸದಾಗೆ ಒಬ್ರಿಗೆ ಒಂದು ಚಂಬು ನೀರು ಹೆಚ್ಗೆ ಬುಟ್ಟಿಲ್ಲ.”

ಎಲ್ಲರೂ ತಲೆಯಾಡಿಸಿದರು. ಅಪ್ಪ ಕೆಳಗೆ ನೋಡಿಕೊಂಡು ನಕ್ಕ. ಆ ನಗು ಕಂಡರೆ ನನಗೆ ಮೈ ಉರಿಯುತ್ತದೆ.

ಒಂದು ಗಂಟೆ ಹೆಣಗಿ ಒಂದು ವಾಕ್ಯಕ್ಕೆ ಒಪ್ಪಿಸಿದೆ. ‘ಅಚ್ಚುಕಟ್ಟಿನ ಪ್ರತಿ ಎಕರೆಗೂ ಪ್ರತಿ ಸುತ್ತಿನಲ್ಲಿ ಸಮ ಹೊತ್ತು ನೀರು ಸಿಗಬೇಕು.’ ಹೌದೌದು, ಸಮ, ಸಮ, ಅಂದರು. ಮಲಗಿದ್ದವರೂ ಎದ್ದು ಸಮ ಅಂದು ಮತ್ತೆ ಮಲಗಿದರು.

21 ನವೆಂಬರ್, ಭಾನುವಾರ. ಊರು

ಅಪ್ಪನನ್ನು ಕೂರಿಸಿಕೊಂಡು ಕೇಳುವುದೆಂದರೆ ಜರಡಿಯಲ್ಲಿ ನೀರು ಹಿಡಿದಂತೆ. ಅವ್ವ ಹೋಗಿ ಆರು ವರ್ಷವಾಯಿತು. ಅವಳಿದ್ದರೆ ಅರ್ಧ ಮಾತನ್ನು ಅವಳೇ ತಡೆಯುತ್ತಿದ್ದಳು.

“ಒಂದು ಎಕರೆಗೆ ಎಷ್ಟು ಹೊತ್ತು?”

“ನೆರಳು ಏಳಡಿಯಿಂದ ಮೂರಡಿ ಆಗೋಗಂಟ.”

“ಗಡಿಯಾರದ ಲೆಕ್ಕದಲ್ಲಿ ಹೇಳಪ್ಪ.”

“ಗಡಿಯಾರ ಏನು ಕೆರೆ ಕಟ್ಟಿದೋರು ಇಟ್ಟಿದ್ರಾ? ಮಾಗಿ ನೆರಳೇ ಬ್ಯಾರೆ, ಚೈತ್ರದ ನೆರಳೇ ಬ್ಯಾರೆ.”

“ಮೋಡ ಇದ್ರೆ?”

“ಮೋಡ ಇದ್ರೆ ನೀರ್ಯಾಕವ್ವ ಬೇಕು?”

ಪ್ರತಿಯೊಂದಕ್ಕೂ ಇಂಥ ಉತ್ತರ. ಜೊತೆಗೆ ಉಪಕಥೆ — ಯಾವ ವರ್ಷ ಕೋಡಿ ಬಿತ್ತು, ಯಾರ ಎತ್ತು ಕಾಲುವೆಗೆ ಬಿತ್ತು. ಮೂರು ಗಂಟೆಯಲ್ಲಿ ಒಂಬತ್ತು ನಿಯಮ ಸಿಕ್ಕಿತು. ಒಂದೊಂದನ್ನೂ ಮೂರು ಕಾಲಂನಲ್ಲಿ ಬರೆದುಕೊಂಡೆ. ಕಲಂ ಸಂಖ್ಯೆ, ನಿಯಮ, ಮೂಲ. ಮೂಲ ಎಂದರೆ ಅದನ್ನು ಹೇಳಿದವರು ಯಾರು ಎಂದು. ನಾಳೆ ತಕರಾರು ಬಂದರೆ ಯಾರನ್ನು ಕೇಳಬೇಕು ಎಂದು ಗೊತ್ತಿರಬೇಕು. ಒಂಬತ್ತಕ್ಕೂ ‘ಉಗ್ರಪ್ಪ’ ಎಂದು ಬರೆದೆ.

ಅಪ್ಪ ಬಗ್ಗಿ ನೋಡಿದ. ನಾಲ್ಕನೇ ಕ್ಲಾಸಿನವರೆಗೆ ಓದಿದ್ದಾನೆ. ಬೆರಳಿಟ್ಟು ತನ್ನ ಹೆಸರನ್ನು ಒಂಬತ್ತು ಸಲ ಓದಿದ. ಅಕ್ಷರ ಕಲಿತ ಹುಡುಗನ ಹಾಗೆ.

28 ನವೆಂಬರ್, ಭಾನುವಾರ

ಕಾಲುವೆಗುಂಟ ಅಪ್ಪನ ಜೊತೆ ನಡೆದೆ. ತೂಬಿನಿಂದ ಬಾಲದವರೆಗೆ ಎರಡು ಮೈಲಿಗೆ ಸ್ವಲ್ಪ ಕಡಿಮೆ. ನೂರ ಹನ್ನೆರಡು ಹಿಡುವಳಿ. ಮೊದಲು ಗೌಡರ ಗದ್ದೆ, ಆಮೇಲೆ ಅವರ ದಾಯಾದಿಗಳು, ಆಮೇಲೆ ಉಳಿದವರು. ಕಟ್ಟಕಡೆಯಲ್ಲಿ ನಮ್ಮ ಕೇರಿಯ ಏಳು ಮನೆಯವರಿಗೆ ಹಿಂದೆ ಸರ್ಕಾರ ಕೊಟ್ಟ ತುಂಡುಗಳು. ಅದರಲ್ಲಿ ಅಪ್ಪನ ಅತ್ತಿಗೆ ಮುದ್ದಮ್ಮ ದೊಡ್ಡಮ್ಮನದು ಮುಕ್ಕಾಲು ಎಕರೆ. ನಮಗೆ ಇಲ್ಲ. ನೀರುಗಂಟಿಗೆ ಅಚ್ಚುಕಟ್ಟಿನಲ್ಲಿ ಗದ್ದೆ ಇರಬಾರದು ಎಂಬುದು ಊರ ಪದ್ಧತಿ. ಇದ್ದರೆ ಅಲ್ಲಿಗೇ ನೀರು ತಿರುಗಿಸಿಕೊಳ್ಳುತ್ತಾನೆಂದು.

ಒಂದೊಂದು ಗದ್ದೆಯ ಬಾಯಿಯ ಹತ್ತಿರ ನಿಂತು ಹೊತ್ತು ಹೇಳಿಸಿದೆ. ಕೊನೆಯ ಏಳರ ಹತ್ತಿರ ಬಂದಾಗ ಅಪ್ಪ ನಿಲ್ಲದೆ ಮುಂದೆ ನಡೆದ.

“ಇವಕ್ಕೆ?”

“ಇವಕ್ಕೆ ಮಿಕ್ಕಿದ್ದು.”

‘ಮಿಕ್ಕಿದ್ದು’ ಎಂದು ಬರೆದುಕೊಂಡೆ. ಕಾಲು ನೋಯುತ್ತಿತ್ತು. ಬಸ್ಸಿಗೆ ಹೊತ್ತಾಗಿತ್ತು.

1 ಡಿಸೆಂಬರ್, ಬುಧವಾರ. ಅರಸೀಕೆರೆ

ಮಧ್ಯಾಹ್ನ 3. ಮೂರನೇ ಹಂತದವರೆಗೆ ಚೆನ್ನಾಗಿ ಒಡೆದುಕೊಂಡು ಬಂದೆ. ನಾಲ್ಕರಲ್ಲಿ ಸಿಕ್ಕಿಕೊಂಡಿದೆ.

ಒಂದು ಸುತ್ತು ಎಂಟು ದಿನ. ಎಂಟನೇ ದಿನ ಹೊತ್ತು ಮುಳುಗಿದಾಗ ತೂಬು ಮುಚ್ಚಬೇಕು, ಏನೇ ಆಗಲಿ. ನಡುವೆ ಯಾರಾದರೂ ಬದು ಒಡೆದು ನೀರು ಎಳೆದುಕೊಂಡು ತಡ ಮಾಡಿದರೆ, ಆ ತಡವೆಲ್ಲ ಸರಿಯುತ್ತಾ ಸರಿಯುತ್ತಾ ಕೊನೆಯವರ ಮೇಲೆ ಬೀಳುತ್ತದೆ. ಅವರಿಗೆ ಮಿಕ್ಕಿದ್ದು. ಮಿಕ್ಕುವುದು ಏನು? ಹೋದ ಮೂರು ಬೇಸಿಗೆಯನ್ನು ಅಪ್ಪ ಹೇಳಿದ ಪ್ರಕಾರ ಹಾಕಿ ನೋಡಿದೆ. ಎಕರೆಗೆ ಉಳಿದವರಿಗೆ ಸಿಕ್ಕಿದ್ದರ ಕಾಲು ಭಾಗ. ಒಂದು ಸುತ್ತಿನಲ್ಲಿ ಸೊನ್ನೆ.

ಅಂದರೆ ಕೆಳಗಿನ ಮಾತು ಮೇಲಿನ ಮಾತನ್ನು ಸುಳ್ಳು ಮಾಡುತ್ತಿದೆ. ‘ಸಮ, ಸಮ’ ಎಂದು ತಲೆಯಾಡಿಸಿದ ಹನ್ನೊಂದು ಜನಕ್ಕೂ ಇದು ಗೊತ್ತಿತ್ತು. ಕೆಳಗೆ ನಿಂತಿದ್ದ ಹನ್ನೆರಡನೆಯವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಸಾರ್ ಬಂದು ಸ್ಕ್ರೀನ್ ನೋಡಿದರು. ನೀರು ಇನ್ನೂ ಅಲುಗಾಡುತ್ತಿಲ್ಲವಲ್ಲ, ಅಂದರು.

5 ಡಿಸೆಂಬರ್, ಭಾನುವಾರ. ಊರು

ದೊಡ್ಡಮ್ಮನನ್ನು ಕೇಳಿದೆ. ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ.

“ಇವತ್ತು ಗೊತ್ತಾಯ್ತಾ ನಿಂಗೆ? ಕಂಪ್ಯೂಟ್ರು ಹೇಳ್ತಾ? ನಿಮ್ಮಪ್ಪುನ್ ಕೈ ಸುದ್ದ ಅಂತ ಊರೆಲ್ಲಾ ಹೊಗಳ್ತಾರೆ. ಆ ಸುದ್ದಕ್ಕೆ ನೀರು ಬುಟ್ಟೋರು ನಾವು. ಊರಿಗೆ ಉಪಕಾರಿ, ಮನೆಗೆ ಮಾರಿ.”

“ನೀನು ಕೇಳಲಿಲ್ವಾ?”

“ಮೊದಮೊದ್ಲು ಕೇಳ್ದೆ. ‘ನಮ್ಮೋರಿಗೆ ಒಂದ್ ಗಳಿಗೆ ಹೆಚ್ಗೆ ಬುಟ್ರೆ ನಾಳೀಕೆ ನಮ್ಮೋನು ಯಾವನೂ ನೀರುಗಂಟಿ ಆಗಲ್ಲ ಅತ್ತಿಗೆ’ ಅಂದ. ಆಮೇಲೆ ಕೇಳ್ನಿಲ್ಲ. ಎರಡ್ ಬೇಸಿಗೆ ನಾಟಿ ಒಣಗ್ತು. ಆಮೇಲೆ ಬೇಸಿಗೆ ನಾಟೀನೇ ಬುಟ್ಟೆ. ಈ ಸಲ ಹೂಳು ಎತ್ತವ್ರೆ, ನೀರೈತೆ, ಹಾಕಾನ ಅಂತಿವ್ನಿ. ನೋಡಾನ.”

ಅಪ್ಪನ ಹತ್ತಿರ ಹೋದೆ. ಇದೇನಪ್ಪ, ಅಂದೆ. ತೂಬಿನ ಗೇಟು ತಿರುಗಿಸುವ ಕಬ್ಬಿಣದ ಹ್ಯಾಂಡಲಿಗೆ ಎಣ್ಣೆ ಹಚ್ಚುತ್ತಿದ್ದ. ಮನೆಯಲ್ಲಿ ದೇವರ ಪಟಕ್ಕಿಂತ ಹೆಚ್ಚು ಸೇವೆ ಆಗುವುದು ಅದಕ್ಕೆ. ಗೋಡೆಯ ಮೊಳೆಗೆ ತೂಗುಹಾಕಿ, ಬಟ್ಟೆ ಮುಚ್ಚಿ ಇಟ್ಟಿರುತ್ತಾನೆ.

ಹ್ಯಾಂಡಲನ್ನು ತಿರುಗಿಸಿ ಇನ್ನೊಂದು ಬದಿಗೆ ಹಚ್ಚತೊಡಗಿದ. ನಾನು ಬಿಡಲಿಲ್ಲ. ಹೇಡಿ ಅಂದೆ. ಗೌಡರ ಒಂದು ಹೊಗಳಿಕೆಗೆ ಏಳು ಮನೆ ಗದ್ದೆ ಮಾರಿಕೊಂಡೆ ಅಂದೆ. ಎಣ್ಣೆ ಹಚ್ಚುತ್ತಲೇ ಇದ್ದ.

19 ಡಿಸೆಂಬರ್, ಭಾನುವಾರ. ಅರಸೀಕೆರೆ

ಎರಡು ವಾರ ಊರಿಗೆ ಹೋಗಿಲ್ಲ. ರೂಮಿನಲ್ಲೇ ಕೂತು ಬರೆದೆ. ನಲವತ್ತು ಹಾಳೆ ಆಯಿತು. ಹದಿನೇಳನೇ ಹಾಳೆಯಲ್ಲಿ ಒಂದು ಹೊಸ ಕಲಂ.

‘4.3.2. ಯಾವ ಗದ್ದೆಯೂ ಒಂದರ ಹಿಂದೆ ಒಂದು ಎರಡು ಸುತ್ತಿನಲ್ಲಿ ಕೊನೆಯದಾಗಬಾರದು.’

ಇಷ್ಟೇ. ಜಾತಿ ಇಲ್ಲ, ಕೇರಿ ಇಲ್ಲ, ಯಾರ ಹೆಸರೂ ಇಲ್ಲ. ಮೇಲಿನ ವಾಕ್ಯಕ್ಕೆ ನ್ಯಾಯವಾಗಿ ಹುಟ್ಟಿದ ಮಗು. ಇದನ್ನು ಇನ್ನೊಂದು ಹಂತ ಒಡೆದರೆ ಬರುವುದು: ಒಂದು ಸುತ್ತು ತೂಬಿನ ಕಡೆಯಿಂದ, ಮುಂದಿನ ಸುತ್ತು ಬಾಲದ ಕಡೆಯಿಂದ. ಎರಡನೇ ಸುತ್ತಿನಲ್ಲಿ ಮುದ್ದಮ್ಮ ದೊಡ್ಡಮ್ಮ ಮೊದಲು. ಕರಿಯಪ್ಪ ಗೌಡರು ಕೊನೆ.

ಮೊದಲ ಹಾಳೆಗಳಲ್ಲೇ 1.2 ಇದೆ: ‘ಸಹಿಯಾದ ನಿಯಮಗಳನ್ನು ಬೆಳೆ ಮುಗಿದ ಮೇಲೆ ಸರ್ವಸದಸ್ಯರ ಸಭೆಯಲ್ಲಲ್ಲದೆ ಬದಲಿಸತಕ್ಕದ್ದಲ್ಲ.’ ಅದೂ ನನ್ನದೇ. ಯೋಜನೆಯವರು ಓದಿ, ಬಹಳ ಒಳ್ಳೆಯದು ಅಂದರು. 1.2 ಓದಿದವರು 4.3.2ರವರೆಗೆ ಬಂದಂತಿಲ್ಲ.

4.3.2ಕ್ಕೆ ಮೂಲ? ಕಾಲಂ ಖಾಲಿ ಬಿಟ್ಟೆ. ‘ಲತಾಮಣಿ’ ಎಂದು ಬರೆಯುವಷ್ಟು ಧೈರ್ಯ ನನಗೂ ಇಲ್ಲ. ಬರೆದರೆ ಸಿಕ್ಕಿಬೀಳುತ್ತೇನೆ. ಯಾರಾದರೂ ಕೇಳಿದರೆ ಪ್ರೋಗ್ರಾಂ ಹಾಗೆ ಮಾಡುತ್ತದೆ ಅಂದರಾಯಿತು. ಕಂಪ್ಯೂಟರ್ ಅಂದರೆ ಕೈ ಮುಗಿಯುವ ಜನ.

2 ಜನವರಿ 2005, ಭಾನುವಾರ. ಊರು

ಸಹಿ ಸಭೆ. ಅದೇ ಜಗಲಿ, ಅದೇ ಪ್ಲಾಸ್ಟಿಕ್ ಲೋಟ. ಹನ್ನೆರಡು ಪ್ರತಿ ಹಂಚಿದೆ. ಓದಿ ಹೇಳಲಾ, ಅಂದೆ.

“ಓದಾದೇನು ಬುಡಮ್ಮ. ನಮ್ಮ ಉಗ್ರನ್ ಮಗಳು ಬರ್ದವ್ಳೆ, ಸರೀಗೇ ಇರ್ತೈತೆ,” ಅಂದರು ಕರಿಯಪ್ಪ ಗೌಡರು. ಕಾಗದವನ್ನು ಕೈಯಲ್ಲಿ ತೂಗಿ ನೋಡಿದರು. “ಭಾರ ಐತೆ. ಒಳ್ಳೇ ಕೆಲ್ಸ.”

ಪ್ರತಿ ಹಾಳೆಗೂ ಸಹಿ ಬೇಕು ಅಂದೆ. ಹಾಕಿದರು. ಹದಿನೇಳಕ್ಕೂ ಹಾಕಿದರು, ಮಾತಾಡುತ್ತಲೇ, ಯಾರದೋ ಎಮ್ಮೆ ಕರು ಹಾಕಿದ ವಿಷಯ. ನಲವತ್ತು ಹಾಳೆಯ ಬೆವರು ತೂಕಕ್ಕೆ ಹೋಯಿತು. ಇಂಥವರಿಗೆ ಕೆರೆ ಕೊಡುವ ಬದಲು ಬಾವಿ ಕೊಟ್ಟು ಒಳಗೆ ತಳ್ಳಬೇಕು.

ಹನ್ನೆರಡನೇ ಪ್ರತಿ ಅಪ್ಪ ತೆಗೆದುಕೊಂಡ. ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ಒಯ್ದ.

9 ಜನವರಿ, ಭಾನುವಾರ. ಊರು

ಅಪ್ಪ ಓದಿದ್ದಾನೆ. ನಲವತ್ತೂ. ಒಂದು ವಾರ, ದಿನಕ್ಕೆ ಐದಾರು ಹಾಳೆ, ಬಾಗಿಲ ಬೆಳಕಿನಲ್ಲಿ. ಪೆನ್ಸಿಲ್ ಕೊಳ್ಳಲು ಹಳೇಬೀಡಿಗೆ ಹೋಗಿದ್ದನಂತೆ.

ಹದಿನೇಳನೇ ಹಾಳೆ ತೆಗೆದು ನನ್ನ ಮುಂದಿಟ್ಟ. ಬೆರಳು ನೇರ 4.3.2ರ ಮೇಲೆ.

“ಇದ ಅಳಿಸು.”

“ಸಹಿ ಆಗಿದೆ.”

“ಓದ್ದೆ ಹಾಕವ್ರೆ. ಓದಿರೋನು ನಾನೊಬ್ನೇ.”

“ಓದದೆ ಇದ್ದದ್ದು ಅವರ ತಪ್ಪು.”

“ನೀರಿನ ನೇಮ ಎಲ್ಲದ್ರ ಮುಂದೂ ನನ್ ಹೆಸರೈತೆ. ಇದರ ಮುಂದೆ ಯಾಕ್ ಖಾಲಿ ಬುಟ್ಟಿದೀಯ?”

“ನೀನು ಹೇಳಿಲ್ಲವಲ್ಲ.”

ಕನ್ನಡಕ ತೆಗೆದ. ಒರೆಸಿದ. ಹಾಕಿಕೊಳ್ಳಲಿಲ್ಲ.

“ಊರು ಏನಂತೈತೆ ಗೊತ್ತಾ? ಉಗ್ರ ಮಗಳ ಕೈಲಿ ಬರೆಸ್ಕೊಂಡು ತನ್ ಜನಕ್ಕೆ ನೀರು ತಿರುಗಿಸ್ಕೊಂಡ ಅಂತೈತೆ. ಮೂವತ್ತೊಂದು ವರ್ಸ ಅದೊಂದು ಮಾತು ಬರಬಾರ್ದು ಅಂತ ಬದುಕ್ದೆ ಕಣವ್ವ. ನಂಗಿರೋದು ಅದೊಂದೇ.”

“ಅದನ್ನು ಸಾಕಿದ್ದು ದೊಡ್ಡಮ್ಮನ ಗದ್ದೆ,” ಅಂದೆ. ಎದ್ದು ಬಂದುಬಿಟ್ಟೆ. ಊಟಕ್ಕೂ ನಿಲ್ಲಲಿಲ್ಲ. ಬಸ್ಸಿನಲ್ಲಿ ಹೊಟ್ಟೆ ಉರಿ, ಹಸಿವು ಎರಡೂ. ಅಳಿಸುವುದಿಲ್ಲ.

14 ಜನವರಿ, ಶುಕ್ರವಾರ. ಅರಸೀಕೆರೆ

ಸಂಕ್ರಾಂತಿ. ದೊಡ್ಡಮ್ಮ ಎಳ್ಳು ಬೆಲ್ಲ ಕಟ್ಟಿಕೊಂಡು ಆಫೀಸಿಗೇ ಬಂದಳು. ನಾಟಿ ಹಾಕಿದಳಂತೆ. ಜೊತೆಗೆ ಟವೆಲಿನಲ್ಲಿ ಸುತ್ತಿದ ಅಪ್ಪನ ಪ್ರತಿ.

“ಎಲ್ಲಾ ನೋಡ್ಬೇಕಂತೆ. ಮಡಚಿರೋ ಕಡೆ ಏನೋ ತಪ್ಪು ಬರ್ದಿದೀಯಂತೆ.”

ಮೂವತ್ತೊಂದನೇ ಹಾಳೆಯ ಮೂಲೆ ಮಡಚಿದೆ. ತೂಬು ಎತ್ತಿದ ಗಳಿಗೆಯಿಂದ ಮೊದಲ ಗದ್ದೆಯ ಹೊತ್ತು ಶುರು ಎಂದು ನಾನು ಬರೆದಿದ್ದೆ. ಅಪ್ಪ ಅದನ್ನು ಹೊಡೆದು ಪಕ್ಕದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ: ‘ಒಣ ಕಾಲುವೆ ನೆನೆಯಕೆ ಐದು ಗಂಟೆ. ಅದು ಯಾರ ಪಾಲಿಗೂ ಇಲ್ಲ. ನೀರು ಗದ್ದೆ ಬಾಯಿಗೆ ಬಂದ ಮೇಲೆ ಗಡಿಯಾರ ನೋಡು.’

ಸರಿಯೇ. ಒಪ್ಪಿಕೊಳ್ಳಲು ಕಷ್ಟ, ಆದರೆ ಸರಿ. ಎಂಸಿಎಗೆ ಹೊಳೆಯಲಿಲ್ಲ. ಇದು ನಿಯಮವಲ್ಲ, ಲೆಕ್ಕದ ತಪ್ಪು, 1.2 ಅಡ್ಡ ಬರದು ಎಂದುಕೊಂಡು ಪ್ರೋಗ್ರಾಂ ತಿದ್ದಿದೆ. ಮಿಕ್ಕ ಹಾಳೆಗಳಲ್ಲಿ ಪೆನ್ಸಿಲ್ ಗೆರೆ ಬಿಟ್ಟು ಇನ್ನೇನಿರುತ್ತದೆ. ನಾಡಿದ್ದು ಉದ್ಘಾಟನೆ. ಬೀರುವಿಗೆ ಹಾಕಿದೆ.

16 ಜನವರಿ, ಭಾನುವಾರ. ಊರು

ಕಂಪ್ಯೂಟರಿಗೆ ಹೂವಿನ ಹಾರ. ಮಾನಿಟರಿಗೆ ಕುಂಕುಮ. ಕೀಬೋರ್ಡಿನ ಮೇಲೆ ನಿಂಬೆಹಣ್ಣು, ಅದರಿಂದಾಗಿ ಸ್ಕ್ರೀನ್ ತುಂಬ ಒಂದೇ ಅಕ್ಷರ ಓಡುತ್ತಿತ್ತು. ಕರಿಯಪ್ಪ ಗೌಡರು ಬಟನ್ ಒತ್ತಿದರು. ಒತ್ತಿದ್ದು ಮಾನಿಟರಿನ ಬಟನ್, ಎಲ್ಲ ಕತ್ತಲಾಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಶಿವಪ್ರಕಾಶ್ ಸಾರ್ ಅಲುಗಾಡುವ ನೀರನ್ನು ಎಲ್ಲರಿಗೂ ತೋರಿಸಿದರು.

ಮೊದಲ ಸುತ್ತಿನ ಪಟ್ಟಿ ಸಂಘದ ಗೋಡೆಗೆ ಅಂಟಿಸಿದೆ. ತೂಬಿನ ಕಡೆಯಿಂದ, ಮಾಮೂಲಿಯಂತೆ. ಗೌಡರು ತಮ್ಮ ಹೆಸರು ಮೊದಲು ಇರುವುದನ್ನು ನೋಡಿ, “ಕಂಪ್ಯೂಟ್ರಿಗೂ ಗೊತ್ತೈತೆ ನೋಡು,” ಅಂದರು.

ಅಪ್ಪ ನನ್ನ ಕಡೆ ನೋಡಿದ. ಏನೋ ಕೇಳುವವನಂತೆ. ನಾನು ಮುಖ ತಿರುಗಿಸಿದೆ.

26 ಜನವರಿ, ಬುಧವಾರ. ಊರು

ಸಂಜೆ 6. ಕ್ರಮವಾಗಿ ಬರೆಯುತ್ತೇನೆ.

ಮೊದಲ ಸುತ್ತು ಮುಗಿದು ತೂಬು ಮುಚ್ಚಿ ಎರಡು ದಿನ. ಕೊನೆಯ ಏಳು ಗದ್ದೆಗೆ ಸಿಕ್ಕಿದ್ದು ಒಂದು ಮಧ್ಯಾಹ್ನದ ನೀರು. ದೊಡ್ಡಮ್ಮನ ಪೈರು ತುದಿ ಹಳದಿ. ನಾಳೆಯಿಂದ ಎರಡನೇ ಸುತ್ತು. ಬೆಳಿಗ್ಗೆ ಸ್ಕೂಲಿನಲ್ಲಿ ಬಾವುಟ ಹಾರಿಸುವ ಹೊತ್ತಿಗೆ ಪಟ್ಟಿ ಅಂಟಿಸಿದೆ. ಜನಗಣಮನ ಮುಗಿಯುವುದರೊಳಗೆ ಯಾರೋ ಓದಿದ್ದರು. ಬೇಕಾದಾಗ ಓದಲು ಬರುತ್ತದೆ ಇವರಿಗೆ.

ಕರಿಯಪ್ಪ ಗೌಡರು ಪಟ್ಟಿಯನ್ನು ಗೋಡೆಯಿಂದ ಕಿತ್ತುಕೊಂಡೇ ಬಂದರು. ಹಿಂದೆ ಅರ್ಧ ಊರು.

“ಏನಮ್ಮ ಇದು? ನಾನು ಕೊನೇಲಿ, ನಿಮ್ ಕೇರಿಯೋರು ಮೊದ್ಲಲ್ಲಿ?”

“ಕಲಂ 4.3.2 ಗೌಡ್ರೇ. ಹದಿನೇಳನೇ ಹಾಳೆ. ನಿಮ್ಮ ಸಹಿ ಇದೆ.”

“ಸಹಿ ಕತೆ ಆಮ್ಯಾಕೆ. ಮಾಮೂಲೀಲಿ ಇರ್ನಿಲ್ಲ ಇದು. ಯಾವನು ಹೇಳ್ದೋನು ನಿಂಗೆ?”

ಸಿದ್ಧವಾಗಿಟ್ಟುಕೊಂಡಿದ್ದ ಉತ್ತರ ನಾಲಗೆಯ ತುದಿಯಲ್ಲಿತ್ತು. ಪ್ರೋಗ್ರಾಂ ಹಾಗೆ ಮಾಡುತ್ತದೆ. ಬಾಯಿ ತೆಗೆದೆ. ಅಷ್ಟರಲ್ಲಿ ಹಿಂದಿನಿಂದ ಅಪ್ಪನ ಧ್ವನಿ.

“ನಾನು ಹೇಳಿದ್ದು.”

ಜನ ದಾರಿ ಬಿಟ್ಟರು. ಅಪ್ಪ ಮುಂದೆ ಬಂದು ನಿಂತ. ತಲೆ ತಗ್ಗಿಸಿರಲಿಲ್ಲ. ಅವನು ಅಷ್ಟು ಎತ್ತರದ ಮನುಷ್ಯ ಎಂದು ನನಗೆ ಗೊತ್ತಿರಲಿಲ್ಲ.

“ಮೂವತ್ತೊಂದು ವರ್ಸ ಕೊನೇ ಗದ್ದೆಗೆ ಮಿಕ್ಕಿದ್ ನೀರು ಬುಟ್ಟೆ ಗೌಡ್ರೇ. ನನ್ ಜನ ಅಂತ್ಲೇ ಹಂಗ್ ಬುಟ್ಟೆ, ನೀವು ಏನಾದ್ರೂ ಅಂದೀರಿ ಅಂತವ. ಅದು ನ್ಯಾಯ ಅಲ್ಲ, ನನ್ ಅಂಜಿಕೆ. ತಪ್ಪು ನನ್ದು. ಅದ್ಕೇ ಬರ್ಸಿದ್ದು.”

“ಹಂಗಾರೆ ಇಷ್ಟ್ ವರ್ಸ ನಿನ್ ಕೈ ಸುದ್ದ ಅಂದ ನಾವೇ ಪೆದ್ರು ಅನ್ಲಾ.”

“ನೀವು ಪೆದ್ರಲ್ಲ. ನಿಮ್ ಗದ್ದೆ ಒಣಗಿರ್ನಿಲ್ಲ, ಅಷ್ಟೆಯಾ.”

ಯಾರೋ ನಕ್ಕರು. ತಕ್ಷಣ ನುಂಗಿಕೊಂಡರು. ಗೌಡರ ಮುಖ ಕಪ್ಪಿಟ್ಟಿತು.

“ಹ್ಯಾಂಡ್ಲು ತಂದಿಡ್ಲಾ ಉಗ್ರ. ನೀನು ಇನ್ ತೂಬ್ ತಾವ ಕಾಲಿಕ್ ಬ್ಯಾಡ.”

ಅಪ್ಪ ಮನೆಗೆ ಹೋದ. ಬಟ್ಟೆ ಸುತ್ತಿದ ಹ್ಯಾಂಡಲ್ ತಂದ. ಬಟ್ಟೆ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಕಬ್ಬಿಣವನ್ನು ಸಂಘದ ಮೆಟ್ಟಿಲ ಮೇಲೆ ಇಟ್ಟ. “ಎಣ್ಣೆ ಹಚ್ಚಿವ್ನಿ. ಆರು ಸುತ್ತು ತಿರುಗಿಸಿ. ಏಳ್ನೇದು ತಿರುಗ್ಸಿದ್ರೆ ಗೇಟು ಕಚ್ಕತದೆ,” ಅಂದ.

ಗೌಡರು ಯೋಜನೆಯವರಿಗೆ ಫೋನ್ ಮಾಡಿದರು. 1.2ನ್ನು ಅವರು ಓದಿ ಹೇಳಿದರು. ಬೆಳೆ ಮುಗಿಯುವವರೆಗೆ ಪಟ್ಟಿ ಬದಲಾಗುವುದಿಲ್ಲ. ತೂಬು ಎತ್ತದೆ ಇದ್ದರೆ ಯಾರಿಗೂ ನೀರಿಲ್ಲ, ಗೌಡರ ನಾಲ್ಕು ಎಕರೆಗೂ ಇಲ್ಲ. ಗೆದ್ದೆ. ಗೆದ್ದು ಮನೆಗೆ ಬಂದು ಊಟಕ್ಕೆ ಕೂತೆ.

“ನನಗೋಸ್ಕರ ಯಾಕಪ್ಪ ಸುಳ್ಳು ಹೇಳಿದೆ?” ಅಂದೆ.

“ಸುಳ್ಳ್ಯಾವುದು?” ಅಂದ. ಮುದ್ದೆ ಮುರಿಯುತ್ತಾ ಗೋಡೆಯ ಖಾಲಿ ಮೊಳೆಯನ್ನು ನೋಡುತ್ತಿದ್ದ.

27 ಜನವರಿ, ಗುರುವಾರ

ಬೆಳಿಗ್ಗೆ ಆರಕ್ಕೆ ತೂಬು ಎತ್ತಿದರು. ಗೌಡರ ಅಳಿಯನಂತೆ. ದೊಡ್ಡಮ್ಮನ ಗದ್ದೆಯ ಬಾಯಿಯಲ್ಲಿ ನಾನು, ಅವಳು, ಕೇರಿಯ ಎಲ್ಲರೂ ಕೂತಿದ್ದೆವು. ಅಪ್ಪ ಬರಲಿಲ್ಲ. ಹತ್ತಾಯಿತು. ಹತ್ತೂವರೆ. ಕಾಲುವೆಯಲ್ಲಿ ಒಣ ಎಲೆ ಬಿಟ್ಟು ಏನಿಲ್ಲ. ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಕಸ ತಳ್ಳಿಕೊಂಡು, ನೊರೆ ಕಟ್ಟಿಕೊಂಡು ನೀರು ಬಂತು. ದೊಡ್ಡಮ್ಮ ಸೀರೆ ಎತ್ತಿ ಕಟ್ಟಿ ಒಳಗಿಳಿದಳು. ಗದ್ದೆಯ ಬಾಯಿಗೆ ಬಂದ ಮೇಲೆ ಗಡಿಯಾರ ನೋಡಿದೆ, ಅಪ್ಪ ಬರೆದಂತೆ.

ಮನೆಗೆ ಬಂದು ಹೇಳಿದೆ. “ಹತ್ತು ನಿಮಿಷ ತಡ,” ಅಂದ. “ನಡುವೆ ಯಾರೋ ಬದು ತೆಗ್ದವ್ರೆ.” ಅಷ್ಟೇ. ಹೆಗಲ ಮೇಲೆ ಆ ಬಟ್ಟೆ ಹಾಗೇ ಇದೆ.

ಸಂಜೆ, ಅರಸೀಕೆರೆ. ಬಸ್ಸಿನಲ್ಲಿ ಬರುವಾಗ ಒಂದು ವಿಷಯ ತಲೆ ಕೊರೆಯತೊಡಗಿತು. ಆ ಐದು ಗಂಟೆಯ ತಿದ್ದುಪಡಿ. ಹಳೆಯ ಪದ್ಧತಿಯಲ್ಲಿ, ತೂಬಿನ ಕಡೆಯಿಂದ ಶುರುವಾದರೆ, ಅದರಿಂದ ಯಾರಿಗೂ ವ್ಯತ್ಯಾಸವಿಲ್ಲ. ಗೌಡರ ಗದ್ದೆ ತೂಬಿನ ಪಕ್ಕದಲ್ಲೇ ಇದೆ. ಬಾಲದ ಕಡೆಯಿಂದ ಶುರುವಾದಾಗ ಮಾತ್ರ ಅದು ಬೇಕು. ಇಲ್ಲದಿದ್ದರೆ ಕೇರಿಯವರ ಪಾಲಿನಲ್ಲಿ ಐದು ಗಂಟೆ ಕಾಲುವೆಗೇ ಕುಡಿಸಿದಂತೆ. 4.3.2 ಅಳಿಸು ಎಂದವನು ಅದನ್ನು ಯಾಕೆ ತಿದ್ದಿದ?

ಆಫೀಸಿಗೆ ಹೋಗಿ ಬೀರು ತೆಗೆದೆ. ಟವೆಲ್ ಬಿಚ್ಚಿದೆ. ಮೊದಲನೇ ಹಾಳೆಯಿಂದ ಓದಿದೆ, ಒಂದೂ ಬಿಡದೆ. ಕಾಗುಣಿತ ಕೂಡ ತಿದ್ದಿದ್ದಾನೆ. ಒಂಬತ್ತು ಕಡೆ ನನ್ನದು ತಪ್ಪು, ಎರಡು ಕಡೆ ಅವನದು.

ಹದಿನೇಳನೇ ಹಾಳೆ. 4.3.2. ಮೂಲ ಎಂಬ ಖಾಲಿ ಕಾಲಂನಲ್ಲಿ ಪೆನ್ಸಿಲಿನ ಇರುವೆ ಸಾಲು. ‘ಉಗ್ರಪ್ಪ.’ ಕೆಳಗೆ ತಾರೀಖು, 11-1-05. ನಾನು ಊಟ ಮಾಡದೆ ಎದ್ದು ಬಂದ ಎರಡನೇ ದಿನ. ಎರಡು ವಾರ ಈ ಹಾಳೆ ನನ್ನ ಬೀರುವಿನಲ್ಲಿತ್ತು. ಎಲ್ಲಾ ನೋಡ್ಬೇಕು ಅಂತ ಹೇಳಿ ಕಳಿಸಿದ್ದ. ಓದದೆ ಸಹಿ ಹಾಕಿದವರನ್ನು ಬಾವಿಗೆ ತಳ್ಳಬೇಕು ಅಂತ ಬರೆದವಳು ನಾನೇ ಅಲ್ಲವೇ, ಈ ಪುಸ್ತಕದಲ್ಲೇ, ಹಿಂದಿನ ಹಾಳೆಗಳಲ್ಲಿ.